ಇಲ್ಲಿ ಕಟ್ಟಿದ್ದು ಅಲ್ಲಿ ನುಡಿಯಬೇಕು

ಬೆಳ್ತಂಗಡಿ,
ಆಟಿ ತಿಂಗಳ ಒಂದು ರಾತ್ರಿ

ಪ್ರೀತಿಯ ಮಗಳೇ,

ನಾಲ್ಕು ದಿನದಿಂದ ಮಳೆ ಕಡಿಯಲೇ ಇಲ್ಲ. ಗಡಾಯಿಕಲ್ಲು ಇರಬೇಕಾದ ಜಾಗದಲ್ಲಿ ಬರೀ ಬಿಳಿ ಮೋಡ. ಅಡಿಕೆಗೆ ಮದ್ದು ಬಿಡುವವರು ಒಂದು ಹೊತ್ತಿನ ಬಿಸಿಲಿಗಾಗಿ ಕಾದು ಕೂತಿದ್ದಾರೆ. ಕರೆಂಟು ಈಗ ಉಂಟು, ಹೋಗುವ ಮೊದಲು ಇದನ್ನು ಬರೆದು ಮುಗಿಸಬೇಕು.

ನೀನು ಮೂಡುಬಿದಿರೆಯ ಹಾಸ್ಟೆಲಿನಿಂದ ಕಳಿಸಿದ ಫೋಟೋ ಸಿಕ್ಕಿತು. ಕಪ್ಪು ಪರದೆ, ಕೊನೆಯ ಸಾಲಿನಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’. ಅದರ ಕೆಳಗೆ, ‘ದೊಡ್ಡಪ್ಪ, ಮೂರು ರಾತ್ರಿ ಆಯ್ತು, ಇದು ನನ್ನಿಂದ ಆಗುವುದಿಲ್ಲ’ ಎಂದು ಬರೆದಿದ್ದಿ. ಮೊದಲಿನದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಎರಡನೆಯದಕ್ಕಾಗಿ ಈ ಕಾಗದ.

ಅಜ್ಜಿಗೆ ಪೇಪರ್ ಓದಿ ಹೇಳುವ ಯಂತ್ರ ಮಾಡುತ್ತೇನೆಂದು ನೀನು ಯುಗಾದಿಗೆ ಬಂದಾಗ ಹೇಳಿದ ದಿನದಿಂದ ಅವರು ಅದನ್ನೇ ಕೇಳುತ್ತಿದ್ದಾರೆ. ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ಅಂಗೈಗಿಂತ ಚಿಕ್ಕ ರಾಸ್ಪ್‌ಬೆರಿ ಪೈ ಜೀರೋ 2 ಬೋರ್ಡು, ಒಂದು ಕ್ಯಾಮೆರಾ, ಒಂದು ಸ್ಪೀಕರ್. ಪುಟದ ಅಕ್ಷರ ಗುರುತಿಸಲು ಟೆಸೆರಾಕ್ಟ್, ಗುರುತಿಸಿದ್ದನ್ನು ಕನ್ನಡದಲ್ಲಿ ನುಡಿಯಲು ಈಸ್ಪೀಕ್ ಎನ್‌ಜಿ. ಒಳ್ಳೆಯ ಯೋಚನೆ. ಬೋರ್ಡಿನ 512 ಎಂಬಿ ಮೆಮೊರಿಯಲ್ಲಿ ಟೆಸೆರಾಕ್ಟನ್ನು ಕಂಪೈಲ್ ಮಾಡಲು ಹೋಗಿ ಕಂಪೈಲರೇ ಅರ್ಧದಲ್ಲಿ ಸತ್ತಿತು ಅಂದಿ. ಮತ್ತೊಮ್ಮೆ ಮಾಡುವಾಗ ಕರೆಂಟು ಹೋಗಿ ಮೆಮೊರಿ ಕಾರ್ಡು ಹಾಳಾಯಿತು ಅಂದಿ. ಆಮೇಲೆ ಲ್ಯಾಪ್‌ಟಾಪಿನಲ್ಲೇ ಬೋರ್ಡಿಗೆ ಬೇಕಾದ ಪ್ಯಾಕೇಜು ಕಟ್ಟಲು ಕೂತೆ. ಆ ತೀರ್ಮಾನ ಸರಿಯಾಗಿಯೇ ಇತ್ತು. ಸಿಕ್ಕಿಕೊಂಡದ್ದು ಎಲ್ಲಿ ಎಂದು ನೋಡುವ.

ನೀನು ಇರುವ ಊರಿನದೇ ಒಂದು ಸಂಗತಿ ಹೇಳುತ್ತೇನೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಆಗಮ ಗ್ರಂಥಗಳ ತಾಳೆಗರಿಗಳು ಉಳಿದು ಬಂದವು. ಭಾಷೆ ಪ್ರಾಕೃತ, ಬರೆದ ಲಿಪಿ ಹಳಗನ್ನಡ. ಪ್ರಾಕೃತವನ್ನು ಚೆನ್ನಾಗಿ ಬಲ್ಲ ಉತ್ತರದ ವಿದ್ವಾಂಸರ ಕೈಗೆ ಆ ಗರಿ ಕೊಟ್ಟಿದ್ದರೆ ಒಂದು ಸಾಲೂ ಓದಲಾಗುತ್ತಿರಲಿಲ್ಲ. ಗರಿಯಲ್ಲಿ ತಪ್ಪಿರಲಿಲ್ಲ, ಅವರ ಪಾಂಡಿತ್ಯವೂ ಕಡಿಮೆಯದಲ್ಲ. ಲಿಪಿ ಬೇರೆ, ಅಷ್ಟೆ. 19ನೇ ಶತಮಾನದ ಕೊನೆಯಿಂದ ಎರಡೂ ಲಿಪಿ ಬಲ್ಲವರು ಮೂಡುಬಿದಿರೆಯಲ್ಲಿ ಕೂತು ಅದನ್ನು ನಾಗರಿಗೆ ಇಳಿಸಿದರು. ಅಲ್ಲಿಂದ ಹೊರಟ ಪ್ರತಿಗಳ ಬಲದಿಂದಲೇ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಬರೆಯುವವರು ಕೂತದ್ದು ಇಲ್ಲಿ, ಓದುವವರು ಇದ್ದದ್ದು ಅಲ್ಲಿ. ಕ್ರಾಸ್ ಕಂಪೈಲರ್ ಮಾಡುವುದು ಇದೇ ಕೆಲಸ. ನಿನ್ನ ಇಂಟೆಲ್ ಲ್ಯಾಪ್‌ಟಾಪು ಡೆಬಿಯನ್ ಲಿನಕ್ಸಿನ ಮಾತಿನಲ್ಲಿ ಎಎಂಡಿ64, ಬೋರ್ಡು ಆರ್ಮ್64. ಆ ಎರರ್ ಹೇಳಿದ್ದು ಇಷ್ಟೇ: ಆರ್ಮ್‌ಗೆಂದು ಬರೆದ ಗರಿಯನ್ನು ಯಾರೋ ಇಂಟೆಲ್ ಪ್ರೊಸೆಸರಿನ ಕೈಗೆ ಕೊಟ್ಟಿದ್ದಾರೆ. ಯಾರು ಕೊಟ್ಟರು ಎಂಬುದು ಮುಖ್ಯ, ಅಲ್ಲಿಗೆ ಬರುತ್ತೇನೆ.

ನನಗೆ ಈ ವಿದ್ಯೆಯ ರುಚಿ ಹತ್ತಿದ್ದು ಬೆಂಗಳೂರಿನಲ್ಲಿ, ಸಿಂಪ್ಯೂಟರ್ ಕಾಲದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್, ಅವರ ಜೊತೆ ಎನ್‌ಕೋರ್ ಸಾಫ್ಟ್‌ವೇರಿನ ಎಂಜಿನಿಯರರು ಸೇರಿ ಹಳ್ಳಿಯವರಿಗೂ ಎಟುಕುವ ಒಂದು ಕೈಗಣಕ ಮಾಡಲು ಹೊರಟಿದ್ದರು. 2001ರ ಏಪ್ರಿಲ್‌ನಲ್ಲಿ ಅದರ ಮೊದಲ ಮಾದರಿ ಹೊರಬಂತು. ಒಳಗೆ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಓದಲು ಬಾರದವರಿಗೂ ಉಪಯೋಗವಾಗಬೇಕೆಂದು ಅದು ಕನ್ನಡ, ಹಿಂದಿಗಳಲ್ಲಿ ಮಾತಾಡಬೇಕಿತ್ತು. ಅದಕ್ಕಾಗಿ ರಮೇಶ್ ಹರಿಹರನ್ ‘ಧ್ವನಿ’ ಎಂಬ ತಂತ್ರಾಂಶ ಬರೆದರು. ಮೊದಲೇ ಧ್ವನಿಮುದ್ರಿಸಿಟ್ಟ ಉಚ್ಚಾರದ ತುಣುಕುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಮಾತು ಹೊರಡಿಸುವ ಕ್ರಮ ಅದರದ್ದು. ಸ್ಟ್ರಾಂಗ್‌ಆರ್ಮ್‌ನಲ್ಲಿ ದಶಾಂಶದ ಲೆಕ್ಕಕ್ಕೆ ಪ್ರತ್ಯೇಕ ಸರ್ಕ್ಯೂಟೇ ಇರಲಿಲ್ಲ. ಅಂಥ ಲೆಕ್ಕವನ್ನೆಲ್ಲ ತಂತ್ರಾಂಶವೇ ನಿಧಾನವಾಗಿ ಮಾಡಬೇಕು. ಅಷ್ಟು ಸಣ್ಣ ಯಂತ್ರದಲ್ಲಿ ಕೂತು ಅದರದೇ ಪ್ರೋಗ್ರಾಮು ಕಂಪೈಲ್ ಮಾಡುವ ಮಾತೇ ಇಲ್ಲ. ಎಲ್ಲ ಮೇಜಿನ ಮೇಲಿನ ಪಿಸಿಯಲ್ಲಿ ಕಟ್ಟಿ ಒಳಗೆ ಇಳಿಸಬೇಕು.

ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದು, ಕೆಲವು ವರ್ಷಗಳಲ್ಲಿ ಮರೆಯಾಯಿತು. ಸೋತ ಯಂತ್ರ ಎಂದು ಅದನ್ನು ಬದಿಗೆ ಸರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡ ಮಾತಾಡುವ ಆರ್ಮ್ ಲಿನಕ್ಸ್ ಯಂತ್ರವನ್ನು ನಮ್ಮವರು ಇಪ್ಪತ್ತು ವರ್ಷಕ್ಕೂ ಹಿಂದೆ ಕಟ್ಟಿದ್ದರು. ನೀನು ಹಾಸ್ಟೆಲಿನ ಮಂಚದ ಮೇಲೆ ಕೂತು ಮಾಡುತ್ತಿರುವುದು ಅದೇ ಕೆಲಸದ ಮುಂದಿನ ಭಾಗ.

ಆಗ ನಾವು ಕಂಪೈಲರನ್ನೇ ಮೊದಲು ಕಟ್ಟಿಕೊಳ್ಳಬೇಕಿತ್ತು. ಬಿನ್‌ಯುಟಿಲ್ಸ್, ಅದರ ಮೇಲೆ ಅರೆಬರೆ ಜಿಸಿಸಿ, ಆಮೇಲೆ ಸಿ ಲೈಬ್ರರಿ, ಮತ್ತೆ ಪೂರ್ತಿ ಜಿಸಿಸಿ. ಒಂದರ ಆವೃತ್ತಿ ಇನ್ನೊಂದಕ್ಕೆ ಹೊಂದದಿದ್ದರೆ ಮೊದಲಿನಿಂದ ಶುರು. ನಿನಗೆ ಇಂದು ಕ್ರಾಸ್‌ಬಿಲ್ಡ್-ಎಸೆನ್ಶಿಯಲ್-ಆರ್ಮ್64 ಎಂಬ ಒಂದೇ ಪ್ಯಾಕೇಜಿನಲ್ಲಿ ಅವೆಲ್ಲ ಸಿಗುತ್ತವೆ. ಅದು ಸುಮ್ಮನೆ ಬಂದದ್ದಲ್ಲ. 2013ರಲ್ಲಿ ಬಂದ ಡೆಬಿಯನ್ 7ರ ಹೊತ್ತಿಗೆ ‘ಮಲ್ಟಿಆರ್ಕ್’ ಎಂಬ ವ್ಯವಸ್ಥೆ ಕೈಗೂಡಿತು. ಎರಡು ಬೇರೆ ಪ್ರೊಸೆಸರುಗಳ ಲೈಬ್ರರಿಗಳು ಒಂದೇ ಯಂತ್ರದಲ್ಲಿ, ತಂತಮ್ಮ ಹೆಸರಿನ ಫೋಲ್ಡರಿನಲ್ಲಿ, ಒಂದನ್ನೊಂದು ತುಳಿಯದೆ ಇರುವ ಏರ್ಪಾಡು ಅದು.

ಈಗ ನೀನು ಕಳಿಸಿದ ಲಾಗ್‌ನ ಮೊದಲ ಪುಟ. ಅಲ್ಲಿ ನೀನು ಬೇಕಾದ ಪ್ಯಾಕೇಜುಗಳನ್ನೆಲ್ಲ ಆರ್ಮ್64ರಲ್ಲೇ ಹಾಕಲು ಹೋಗಿದ್ದಿ, ಆಟೋಕಾನ್ಫ್, ಮೇಕ್ ಸಮೇತ. ಅದು ಹಾಗಲ್ಲ. ನಮ್ಮ ಮನೆಗೆ ಹೊಸ ಬಾಗಿಲು ಮಾಡಿಸಿದ್ದು ನೆನಪುಂಟಾ? ಆಚಾರಿ ಉಳಿ, ಕೀಸುಳಿ, ಸುತ್ತಿಗೆ ಇಟ್ಟುಕೊಂಡು ಕೆಲಸ ಮಾಡಿದ್ದು ಅವರ ಕೊಟ್ಟಿಗೆಯಲ್ಲಿ. ದಾರಂದದ ಅಳತೆ, ಬಿಜಾಗರಿ ಕೂರುವ ಜಾಗ ಮಾತ್ರ ನಮ್ಮ ಮನೆಯದು. ಕಟ್ಟುವಾಗ ಓಡಬೇಕಾದ ಸಲಕರಣೆಗಳು, ಅಂದರೆ ಮೇಕ್, ಆಟೋಕಾನ್ಫ್, ಕಂಪೈಲರ್, ಲ್ಯಾಪ್‌ಟಾಪಿನ ಎಎಂಡಿ64ರದ್ದಾಗಿರಬೇಕು. ಕಟ್ಟಿದ್ದರ ಜೊತೆ ಹೋಗಿ ಸೇರಬೇಕಾದ ಲೈಬ್ರರಿಗಳು, ನಿನ್ನ ಸಂದರ್ಭದಲ್ಲಿ ಪಿಸಿಆಡಿಯೋ ಮತ್ತು ಸಾನಿಕ್, ಬೋರ್ಡಿನ ಆರ್ಮ್64ರದ್ದಾಗಿರಬೇಕು. ಪ್ಯಾಕೇಜು ಹಾಕುವ ಎಪಿಟಿಗೆ ಹೋಸ್ಟ್ ಆರ್ಕಿಟೆಕ್ಚರ್ ಯಾವುದೆಂದು ಸರಿಯಾಗಿ ಹೇಳಿದರೆ ಈ ವಿಂಗಡಣೆಯನ್ನು ಬಹುಪಾಲು ಅದೇ ಮಾಡುತ್ತದೆ. ಹೆಸರುಗಳಲ್ಲಿ ನೀನು ಗೊಂದಲ ಮಾಡಿಕೊಂಡಿದ್ದಿ: ‘ಬಿಲ್ಡ್’ ಅಂದರೆ ಕಟ್ಟುವ ಯಂತ್ರ, ‘ಹೋಸ್ಟ್’ ಅಂದರೆ ಕಟ್ಟಿದ್ದು ಓಡುವ ಯಂತ್ರ. ‘ಟಾರ್ಗೆಟ್’ ಎಂಬುದು ಕಂಪೈಲರಿನಂಥದ್ದನ್ನೇ ಕಟ್ಟುವವರಿಗೆ ಬೇಕಾಗುವ ಮಾತು, ಅದನ್ನು ಮುಟ್ಟಬೇಡ.

ಇನ್ನೊಂದು ವಿಷಯ. ಲ್ಯಾಪ್‌ಟಾಪಿನದ್ದು ಡೆಬಿಯನ್ 13, ಬೋರ್ಡಿನದ್ದು 12. ಹಾಗೇ ಕಟ್ಟಿದರೆ ಬೋರ್ಡಿಗೆ ಹೋದ ಮೇಲೆ ಸಿ ಲೈಬ್ರರಿಯ ಆವೃತ್ತಿ ಸಿಗುವುದಿಲ್ಲ ಎಂದು ಹಟ ಹಿಡಿಯುತ್ತದೆ. ಎಸ್‌ಬಿಲ್ಡ್ ಉಪಯೋಗಿಸಿ ಡೆಬಿಯನ್ 12ರದ್ದೇ ಒಂದು ಪ್ರತ್ಯೇಕ ಆವರಣ ಮಾಡಿಕೊಂಡು ಅದರೊಳಗೆ ಕಟ್ಟು. ಲ್ಯಾಪ್‌ಟಾಪೂ ಚೊಕ್ಕಟವಾಗಿ ಉಳಿಯುತ್ತದೆ.

ಟೆಸೆರಾಕ್ಟನ್ನು ಕಟ್ಟುವುದೇ ಬೇಡ. ಅದರಲ್ಲಿ ನೀನು ಏನನ್ನೂ ತಿದ್ದಿಲ್ಲ. ಡೆಬಿಯನ್ನಿನವರು ಆರ್ಮ್64ಕ್ಕೆ ಕಟ್ಟಿ ಪರೀಕ್ಷಿಸಿದ್ದು ತಯಾರಾಗಿಯೇ ಉಂಟು. ಅದರ ಕನ್ನಡ ತರಬೇತಿ ದತ್ತಾಂಶವಂತೂ ಯಾವ ಪ್ರೊಸೆಸರಿಗಾದರೂ ಒಂದೇ. ಪ್ಯಾಕೇಜಿನ ವಿವರದಲ್ಲಿ ‘ಆರ್ಕಿಟೆಕ್ಚರ್: ಆಲ್’ ಎಂದಿದ್ದರೆ ಒಮ್ಮೆ ಕಟ್ಟಿದ್ದು ಎಲ್ಲ ಕಡೆಗೂ ಸಾಕು ಎಂದರ್ಥ. ನಮ್ಮ ‘ಗುಬ್ಬಿ’, ‘ನವಿಲು’ ಫಾಂಟುಗಳು ಹಾಗೆ. ಇಂಟೆಲ್ ಮೇಲೂ, ಆರ್ಮ್ ಮೇಲೂ ಅದೇ ಕಡತ ಕೂರುತ್ತದೆ. ‘ಎನಿ’ ಎಂದಿದ್ದರೆ ಮಾತ್ರ ಪ್ರತಿ ಪ್ರೊಸೆಸರಿಗೂ ಬೇರೆ ಬೇರೆ ಕಟ್ಟಬೇಕು. ತಾನು ಮುಟ್ಟದೇ ಇದ್ದುದನ್ನು ತಾನೇ ಕಟ್ಟಲು ಹೋಗುವುದು ಉತ್ಸಾಹದ ವಯಸ್ಸಿನಲ್ಲಿ ಸಹಜ. ಆದರೆ ನಿನ್ನ ಮೂರು ರಾತ್ರಿಗಳಲ್ಲಿ ಒಂದೂವರೆ ಅಲ್ಲೇ ಹೋಗಿವೆ.

ಉಳಿಯುವುದು ಈಸ್ಪೀಕ್. ಕನ್ನಡದ ಉಚ್ಚಾರ ನಿಯಮಗಳ ಕಡತವನ್ನು ಮಾತ್ರ ತಿದ್ದಿದ್ದರೆ ಬೋರ್ಡಿನಲ್ಲೇ ಒಂದು ಕಮಾಂಡಿನಲ್ಲಿ ಕನ್ನಡದ ನಿಘಂಟು ಮರಳಿ ಕಟ್ಟಬಹುದಿತ್ತು. ಆದರೆ ಸಂಖ್ಯೆಗಳನ್ನು ಅಜ್ಜಿಗೆ ಒಗ್ಗುವಂತೆ ಓದಿಸಬೇಕೆಂದು ನೀನು ಸಿ ಭಾಷೆಯ ಮೂಲಕ್ಕೂ ಕೈ ಹಾಕಿದ್ದಿ. ಹಾಗಾಗಿ ಪೂರ್ತಿ ಕಟ್ಟಲೇಬೇಕು. ಅದು ಇಷ್ಟಕ್ಕೇ ಮುಗಿಯುವುದೂ ಇಲ್ಲ, ತಿದ್ದಿದ ಪ್ರತಿ ಸಲವೂ ಕಟ್ಟಬೇಕಾಗುತ್ತದೆ, ಅದಕ್ಕೆ ಲ್ಯಾಪ್‌ಟಾಪೇ ಸರಿ.

ನಿನ್ನ ಎರರ್ ಬಂದದ್ದು ಹೇಗೆಂದರೆ, ಈಸ್ಪೀಕ್ ತನ್ನನ್ನು ತಾನೇ ಕರೆಯುತ್ತದೆ. ಮೊದಲು ಮೂಲ ಪ್ರೋಗ್ರಾಮು ಕಂಪೈಲ್ ಆಗುತ್ತದೆ. ಅದು ಮುಗಿದ ಕೂಡಲೇ ಮೇಕ್‌ಫೈಲು, ಆಗಷ್ಟೇ ಹುಟ್ಟಿದ ಆ ಪ್ರೋಗ್ರಾಮನ್ನೇ ಓಡಿಸಿ, ಧ್ವನಿಮಾ ದತ್ತಾಂಶವನ್ನೂ ಕನ್ನಡವೂ ಸೇರಿ ಎಲ್ಲ ಭಾಷೆಗಳ ನಿಘಂಟುಗಳನ್ನೂ ಕಟ್ಟಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಲ್ಯಾಪ್‌ಟಾಪಿಗೇ ಕಟ್ಟುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ನೀನು ಆರ್ಮ್‌ಗೆ ಕಟ್ಟಿದಾಗ ಹುಟ್ಟಿದ್ದು ಆರ್ಮ್ ಪ್ರೋಗ್ರಾಮು, ಓಡಿಸಲು ಹೊರಟದ್ದು ಇಂಟೆಲ್ ಯಂತ್ರ. ಗರಿಯನ್ನು ತಪ್ಪು ಕೈಗೆ ಕೊಟ್ಟದ್ದು ನೀನಲ್ಲ, ಮೇಕ್‌ಫೈಲು.

ದಾರಿ ಹೀಗೆ. ನೀನು ತಿದ್ದಿದ ಅದೇ ಮೂಲವನ್ನು ಮೊದಲು ಬೇರೆ ಫೋಲ್ಡರಿನಲ್ಲಿ ಲ್ಯಾಪ್‌ಟಾಪಿಗೆಂದು ಕಟ್ಟು. ಎರಡನೇ ಸುತ್ತಿನಲ್ಲಿ ಆರ್ಮ್‌ಗೆ ಕಟ್ಟುವಾಗ, ನಿಘಂಟು ಕಟ್ಟುವ ಹಂತದಲ್ಲಿ ಮಾತ್ರ ಮೊದಲ ಸುತ್ತಿನ ಪ್ರೋಗ್ರಾಮನ್ನು ಕರೆಯಲಿ. ಡೆಬಿಯನ್ ಫೋಲ್ಡರಿನ ರೂಲ್ಸ್ ಕಡತದಲ್ಲಿ ಬಿಲ್ಡ್ ಮತ್ತು ಹೋಸ್ಟ್ ಬೇರೆಯಾಗಿದ್ದರೆ ಎಂಬ ಒಂದು ಷರತ್ತು ಸೇರಿಸಿದರೆ ಸಾಕು. ಲ್ಯಾಪ್‌ಟಾಪಿನಲ್ಲಿ ಮೊದಲೇ ಇರುವ ಹಳೆಯ ಈಸ್ಪೀಕನ್ನು ಇದಕ್ಕೆ ಉಪಯೋಗಿಸಬೇಡ. ಪ್ರೋಗ್ರಾಮಿನ ಆವೃತ್ತಿಯೂ ದತ್ತಾಂಶದ ಆವೃತ್ತಿಯೂ ತಾಳೆಯಾಗಬೇಕು. ಹೀಗೆ ಇಲ್ಲಿ ಕಟ್ಟಿದ ದತ್ತಾಂಶ ಅಲ್ಲಿ ನಡೆಯುತ್ತದೆಯೇ ಎಂದು ಕೇಳುವಿ. ನಡೆಯುತ್ತದೆ. ನಿನ್ನ ಎರಡೂ ಯಂತ್ರಗಳು ದೊಡ್ಡ ಸಂಖ್ಯೆಯ ಬೈಟುಗಳನ್ನು ಕಿರಿಯದರಿಂದ ಹಿರಿಯದಕ್ಕೆ, ಒಂದೇ ಕ್ರಮದಲ್ಲಿ ಜೋಡಿಸುತ್ತವೆ.

ಈ ಈಸ್ಪೀಕಿನ ಹುಟ್ಟೂರು ಯಾವುದೆಂದು ಗೊತ್ತಾದಾಗ ನನಗೆ ತುಂಬ ಸಂತೋಷವಾಗಿತ್ತು, ನಿನಗೂ ಹೇಳಬೇಕು. ಜೊನಾಥನ್ ಡಡಿಂಗ್‌ಟನ್ 1995ರಲ್ಲಿ ಇದರ ಮೊದಲ ರೂಪ ಬರೆದದ್ದು ಇಂಗ್ಲೆಂಡಿನ ಏಕಾರ್ನ್ ಕಂಪ್ಯೂಟರಿಗೆ. ಏಕಾರ್ನ್ ಅಂದರೆ 1985ರಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ವಿನ್ಯಾಸಗೊಳಿಸಿದ ಮೊದಲ ಆರ್ಮ್ ಪ್ರೊಸೆಸರ್ ಹೊರಬಂದ ಕಂಪನಿ. ಆರ್ಮ್ ಎಂಬ ಹೆಸರಿನ ಮೊದಲ ಅಕ್ಷರವೇ ಏಕಾರ್ನ್. ಆಮೇಲೆ ಈಸ್ಪೀಕ್ ಲಿನಕ್ಸಿಗೆ, ಇಂಟೆಲ್ ಯಂತ್ರಗಳಿಗೆ ಬಂತು, ನೂರಕ್ಕೂ ಹೆಚ್ಚು ಭಾಷೆ ಕಲಿಯಿತು, ಕಣ್ಣು ಕಾಣದ ಎಷ್ಟೋ ಜನರ ಕಂಪ್ಯೂಟರಿನಲ್ಲಿ ದನಿಯಾಯಿತು. ನೀನು ಅದನ್ನು ಪರದೇಶಕ್ಕೆ ಕಳಿಸುತ್ತಿಲ್ಲ ಮಗಳೇ, ತವರಿಗೆ ಕಳಿಸುತ್ತಿದ್ದಿ.

ಕಟ್ಟಿ ಮುಗಿದದ್ದು ಸರಿ ಎಂದಲ್ಲ. ಇದನ್ನು ನಾನು ಕಲಿತದ್ದು ಕಷ್ಟದಿಂದ. ಬೆಂಗಳೂರಿನ ಒಂದು ಕಂಪನಿಯಲ್ಲಿ ಇದ್ದಾಗ ಕನ್ನಡ ತೋರಿಸುವ ಒಂದು ಕೈಯಂತ್ರಕ್ಕೆ ನಾನು ಪ್ರೋಗ್ರಾಮು ಬರೆದೆ. ಪಿಸಿಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಸ್ವಚ್ಛ. ಆರ್ಮ್‌ಗೆ ಕಟ್ಟಿ ಇಳಿಸಿದೆ. ಇಂಗ್ಲಿಷ್ ಸರಿಯಾಗಿ ಬಂತು, ಕನ್ನಡದ ಪ್ರತಿ ಅಕ್ಷರದ ಜಾಗದಲ್ಲೂ ಮೂರು ಮೂರು ಕಸ. ಫಾಂಟು ಬದಲಿಸಿದೆ, ಪರದೆ ಬದಲಿಸಿದೆ. ಹನ್ನೊಂದು ದಿನ ಹುಡುಕಿದೆ. ಸಿಕ್ಕಿದ್ದು ಒಂದೇ ಒಂದು ಸಾಲು: ಬೈಟಿನ ಬೆಲೆ ಸೊನ್ನೆಗಿಂತ ಕಡಿಮೆಯಿದ್ದರೆ ಅದು ಇಂಗ್ಲಿಷ್ ಅಲ್ಲ ಎಂದು ನಾನು ಬರೆದಿದ್ದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಮೂರೂ 127ಕ್ಕಿಂತ ಮೇಲಿನವು. ಇಂಟೆಲ್ ಲಿನಕ್ಸಿನಲ್ಲಿ ಸಿ ಭಾಷೆಯ ‘ಕ್ಯಾರ್’ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ, ಹಾಗಾಗಿ ಅವು ಸೊನ್ನೆಗಿಂತ ಕೆಳಗೆ ಕಾಣುತ್ತಿದ್ದವು. ಆರ್ಮ್ ಲಿನಕ್ಸಿನಲ್ಲಿ ಅದೇ ‘ಕ್ಯಾರ್’ 0ಯಿಂದ 255ರ ತನಕ ಮಾತ್ರ. ನನ್ನ ಷರತ್ತು ಅಲ್ಲಿ ಯಾವತ್ತೂ ನಿಜವಾಗುವಂತೆಯೇ ಇರಲಿಲ್ಲ. ಆರ್ಮ್‌ಗೆ ಕಟ್ಟುವಾಗ ಕಂಪೈಲರು ಅದನ್ನೇ ಎಚ್ಚರಿಕೆಯ ಸಾಲಾಗಿ ಹೇಳಿತ್ತು. ನೂರಾರು ಸಾಲುಗಳ ನಡುವೆ ನಾನು ಅದನ್ನು ಓದಿರಲಿಲ್ಲ. ಇಂಗ್ಲಿಷ್ ಮಾತ್ರ ಬಳಸುವವರಿಗೆ ಈ ತಪ್ಪು ಜನ್ಮದಲ್ಲಿ ಕಾಣುವುದಿಲ್ಲ. ನಮ್ಮ ಭಾಷೆಯವರಿಗೇ ಕಾಣುತ್ತದೆ, ಹಾಗಾಗಿ ನಾವೇ ಹುಡುಕಿ ತಿದ್ದಬೇಕು. ನಿನ್ನ ತಿದ್ದುಪಡಿಯಲ್ಲಿ ಬೈಟುಗಳನ್ನು ಮುಟ್ಟಿದ ಕಡೆಯೆಲ್ಲ ‘ಅನ್‌ಸೈನ್ಡ್ ಕ್ಯಾರ್’ ಎಂದು ಬಿಡಿಸಿ ಬರೆ. ಕಂಪೈಲರಿಗೆ ಒಂದು ಆಯ್ಕೆ ಕೊಟ್ಟು ಮುಚ್ಚಿಹಾಕಲೂ ಬರುತ್ತದೆ; ಹಾಗೆ ಮಾಡಬೇಡ.

ಆದ್ದರಿಂದ ಪರೀಕ್ಷೆ ಬೋರ್ಡಿನಲ್ಲೇ ಆಗಬೇಕು. ಕ್ರಾಸ್ ಕಟ್ಟುವಾಗ ಪ್ಯಾಕೇಜಿನ ಒಳಗಿನ ಪರೀಕ್ಷೆಗಳು ಓಡುವುದಿಲ್ಲ, ‘ನೋಚೆಕ್’ ಎಂದು ಹೇಳಿ ದಾಟಿಸುತ್ತೇವೆ. ಫ್ಯಾಬ್ರೀಸ್ ಬೆಲ್ಲಾರ್ ಬರೆದ ಕ್ಯೂಎಮು ಹಾಕಿಕೊಂಡರೆ ಲ್ಯಾಪ್‌ಟಾಪೇ ಆರ್ಮ್ ಪ್ರೋಗ್ರಾಮನ್ನು ಅನುಕರಿಸಿ ಓಡಿಸುತ್ತದೆ. ಆಗ ನಿನ್ನ ಎರರೂ ಮಾಯವಾಗುತ್ತದೆ. ಹಾಗಾದರೆ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ, ಅನುಕರಣೆ ನಿಧಾನ. ಮೇಲಾಗಿ ಮೇಕ್‌ಫೈಲಿನ ದೋಷ ಅಲ್ಲೇ ಉಳಿಯುತ್ತದೆ. ನಡುವೆ ಒಮ್ಮೆ ಕಿವಿಗೊಟ್ಟು ಕೇಳಲು ಕ್ಯೂಎಮು ಸಾಕು, ಕಟ್ಟಲು ಅದನ್ನು ನೆಚ್ಚಬೇಡ.

ಇಂಥ ಕೆಲಸವನ್ನು ಎಲ್ಲರಿಗಾಗಿ ಮಾಡಿಟ್ಟವರೂ ಇದ್ದಾರೆ. 2012ರಲ್ಲಿ ಮೊದಲ ರಾಸ್ಪ್‌ಬೆರಿ ಪೈ ಬಂದಾಗ ಏನಾಯಿತು ಗೊತ್ತಾ? ಅದರಲ್ಲಿ ದಶಾಂಶದ ಲೆಕ್ಕಕ್ಕೆ ಸರ್ಕ್ಯೂಟು ಇತ್ತು, ಆದರೆ ಪ್ರೊಸೆಸರು ಆರ್ಮ್‌ನ 6ನೇ ತಲೆಮಾರಿನದ್ದು. ಆ ಸರ್ಕ್ಯೂಟನ್ನು ಪೂರ್ತಿ ಬಳಸುವ ಡೆಬಿಯನ್ ಕಟ್ಟಿದ್ದು 7ನೇ ತಲೆಮಾರಿಗೆ. ಎರಡರ ನಡುವೆ ಆ ಪುಟ್ಟ ಯಂತ್ರ ಸಿಕ್ಕಿಕೊಂಡಿತು. ಆಗ ಮೈಕ್ ಥಾಂಪ್ಸನ್, ಪೀಟರ್ ಗ್ರೀನ್ ಎಂಬ ಇಬ್ಬರು ಸ್ವಯಂಸೇವಕರು ಡೆಬಿಯನ್ನಿನ ಸಾವಿರಾರು ಪ್ಯಾಕೇಜುಗಳನ್ನು ಆ ಪ್ರೊಸೆಸರಿಗೆಂದೇ ಮರಳಿ ಕಟ್ಟಿದರು. ಅದೇ ರಾಸ್ಪ್‌ಬಿಯನ್. ನಮ್ಮ ತಾಲೂಕಿನ ಮಕ್ಕಳು ಶಾಲೆಯಲ್ಲಿ ಪೈ ಹಿಡಿದು ಆಡುವುದರ ಹಿಂದೆ ಅವರ ಆ ದುಡಿಮೆಯೂ ಉಂಟು.

ಈಗ ನಿನ್ನ ಮೇಲೆ ಹೊರಿಸುವ ಒಂದು ಕೆಲಸ. ಕಟ್ಟಿದ ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ತಂದು ಬೋರ್ಡಿಗೆ ಕಾಪಿ ಮಾಡಿ ಬಿಡಬೇಡ. ಡೆಬ್ ಪ್ಯಾಕೇಜೇ ಮಾಡು, ಆವೃತ್ತಿಯ ಸಂಖ್ಯೆ ಏರಿಸು, ಏನು ತಿದ್ದಿದೆ, ಯಾಕೆ ತಿದ್ದಿದೆ ಎಂದು ಚೇಂಜ್‌ಲಾಗಿನಲ್ಲಿ ಬರೆ. ಆಮೇಲೆ ರೂಲ್ಸ್ ಕಡತದ ಆ ಷರತ್ತನ್ನು ಒಂದು ಪ್ಯಾಚಾಗಿ ಡೆಬಿಯನ್ನಿನವರಿಗೆ, ಕನ್ನಡದ ತಿದ್ದುಪಡಿಯನ್ನು ಇನ್ನೊಂದು ಪ್ಯಾಚಾಗಿ ಈಸ್ಪೀಕಿನ ಮೂಲದವರಿಗೆ, ಬೇರೆ ಬೇರೆಯಾಗಿ ಕಳಿಸು. ಒಟ್ಟಿಗೆ ಕಟ್ಟಿ ಕಳಿಸಿದರೆ ಕನ್ನಡ ಗೊತ್ತಿಲ್ಲದವರು ಎರಡನ್ನೂ ಬದಿಗಿಡುತ್ತಾರೆ. ನಾಳೆ ಯಾದಗಿರಿಯ ಒಂದು ಹುಡುಗಿ ತನ್ನ ಅಜ್ಜನಿಗಾಗಿ ಇದನ್ನೇ ಮಾಡಲು ಕೂತರೆ ಅವಳಿಗೆ ಈ ಮೂರು ರಾತ್ರಿ ಉಳಿಯಬೇಕು. ಅವಳ ಕೈಯಲ್ಲಿರುವುದು ಆರ್ಮ್ ಅಲ್ಲದೆಯೂ ಇರಬಹುದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ರಿಸ್ಕ್-ಫೈವ್ ಕೂಡ ಅಧಿಕೃತವಾಗಿ ಸೇರಿದೆ. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರು ಆ ಜಾತಿಯದ್ದೇ. ನೀನು ಆರ್ಮ್ ಎಂದು ಹೆಸರಿಟ್ಟು ಷರತ್ತು ಬರೆದರೆ ಅವಳಿಗೆ ಸಿಗುವುದಿಲ್ಲ. ‘ಬಿಲ್ಡ್ ಬೇರೆ, ಹೋಸ್ಟ್ ಬೇರೆ’ ಎಂದಷ್ಟೇ ಬರೆದರೆ ಸಿಗುತ್ತದೆ.

‘ನನ್ನಿಂದ ಆಗುವುದಿಲ್ಲ’ ಎಂದು ಬರೆದಿದ್ದೆಯಲ್ಲ, ನಿನ್ನ ಲಾಗನ್ನು ನಾನು ಮೊದಲಿನಿಂದ ಓದಿದೆ. ಕಂಪೈಲರು ಸರಿಯಾಗಿ ಆರಿಸಿದ್ದಿ, ಲೈಬ್ರರಿ ಸಿಕ್ಕಿದೆ, ಮೂಲದ ಅಷ್ಟೂ ಸಿ ಕಡತಗಳು ಆರ್ಮ್‌ಗೆ ಕಂಪೈಲ್ ಆಗಿವೆ, ಲಿಂಕ್ ಆಗಿದೆ. ಪ್ರೋಗ್ರಾಮು ಹುಟ್ಟಿದೆ. ನಿಂತದ್ದು ಅದರ ಮುಂದಿನ ಒಂದು ಹೆಜ್ಜೆಯಲ್ಲಿ.

ಅಜ್ಜಿಯನ್ನು ಕೂರಿಸಿಕೊಂಡು ನನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಈಸ್ಪೀಕಿನಿಂದ ಅರ್ಧ ಪುಟ ಪೇಪರ್ ಓದಿಸಿದೆ. ಮೂಗಿನಿಂದ ಮಾತಾಡಿದ ಹಾಗೆ ಉಂಟು, ಆದರೆ ತಿಳಿಯುತ್ತದೆ ಅಂದರು. ‘ದ.ಕ.’ ಎಂದಿದ್ದ ಕಡೆಯೆಲ್ಲ ದಕ್ಷಿಣ ಕನ್ನಡ ಎಂದೇ ಓದಬೇಕಂತೆ. ಫೋನ್ ನಂಬರನ್ನು ಕೋಟಿ ಲಕ್ಷವಾಗಿ ಓದಬಾರದಂತೆ, ಒಂದೊಂದೇ ಅಂಕೆ ಹೇಳಬೇಕಂತೆ. ನಿಧನ ವಾರ್ತೆಯಲ್ಲಿ ಹೆಸರಿನ ನಂತರ ಸ್ವಲ್ಪ ನಿಲ್ಲಿಸಬೇಕಂತೆ, ಯಾರೆಂದು ನೆನಪಿಸಿಕೊಳ್ಳಲು ಹೊತ್ತು ಬೇಕು ಅಂದರು. ಒಟ್ಟು ಹದಿನಾಲ್ಕು ಸಂಗತಿ ಹೇಳಿದ್ದಾರೆ, ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ಶನಿವಾರ ವೇಣೂರಿನ ಮೇಲೆ ಬರುವ ಬಸ್ಸಿಗೆ ಬಾ. ಬೋರ್ಡು ತರಲು ಮರೆಯಬೇಡ. ಅಜ್ಜಿ ಆ ದಿನದ ಪೇಪರನ್ನು ಯಾರೂ ಮಡಚದ ಹಾಗೆ ತೆಗೆದಿಡುತ್ತೇನೆ ಅಂದಿದ್ದಾರೆ.

ನಿನ್ನ ಪ್ರೀತಿಯ,
ದೊಡ್ಡಪ್ಪ